ಮುಚ್ಚಳ ಹಾಕಿದ ಕಣ್ಣು

ದೇಶದ ನೆಲವನ್ನೆಲ್ಲ ಮೇಲಿನಿಂದ ನೋಡಲೆಂದೇ ಕಟ್ಟಿದ ಮೊದಲ ಉಪಗ್ರಹ, ರಾಕೆಟ್ಟಿನ ನೆತ್ತಿಯ ಮೇಲೆ ಕೂತು ಕೇಳಿತು: "ಏನಯ್ಯಾ, ನಿನ್ನ ಹೊಟ್ಟೆಯೊಳಗೆ ಏನೋ ಸುಯ್ ಎನ್ನುತ್ತಿದೆಯಲ್ಲ?"

"ಇಂಧನದ ವಾಲ್ವ್ ಇರಬೇಕು. ಪರೀಕ್ಷೆ ಮುಗಿದಿದೆ, ಚೀಟಿಯನ್ನೂ ಅಂಟಿಸಿದ್ದಾರೆ," ಎಂದಿತು ರಾಕೆಟ್.

"ಅಂಟಿಸಿದವರು ವಾಲ್ವನ್ನು ತಿರುಗಿಸಿ ನೋಡಿದರೋ, ಬರೀ ಚೀಟಿ ಅಂಟಿಸಿ ಹೋದರೋ? ನನಗೆ ನಂಬಿಕೆಯಿಲ್ಲ. ನನ್ನ ಕಣ್ಣಿನ ಮುಚ್ಚಳ ತೆಗೆಸು, ನಾನೇ ನೋಡುತ್ತೇನೆ."

"ಮುಚ್ಚಳ ತೆಗೆಯುವುದು ಆಕಾಶ ಸೇರಿದ ಮೇಲೆ. ಪೂಜೆಯಾಗಿ ತೆಂಗಿನಕಾಯಿ ಒಡೆದಾಯಿತು. ಈಗ ಅಪಶಕುನ ನುಡಿಯಬೇಡ."

ರಾಕೆಟ್ ಹಾರಿತು. ಅರ್ಧ ದಾರಿಯಲ್ಲೇ ಸಿಡಿದು, ಎರಡೂ ಸಮುದ್ರಕ್ಕೆ ಬಿದ್ದವು. ಬಿದ್ದ ಹೊಡೆತಕ್ಕೆ ಉಪಗ್ರಹದ ಕಣ್ಣಿನ ಮುಚ್ಚಳ ಕಳಚಿತು. ಆ ಕಣ್ಣು ಮೊಟ್ಟಮೊದಲು ಕಂಡದ್ದು, ಸಮುದ್ರದ ತಳದ ಮರಳಿನಲ್ಲಿ, ಪಕ್ಕದಲ್ಲೇ ಸೀಳಿಹೋಗಿ ಬಿದ್ದಿದ್ದ ವಾಲ್ವನ್ನು. ಅದರ ಮೇಲಿನ ಚೀಟಿ ಮಾತ್ರ ಒಂದಿಷ್ಟೂ ಹರಿದಿರಲಿಲ್ಲ: "ಸರಿಯಿದೆ."