ಮಾವಿನ ಹೊದಿಕೆ

ಕ್ಷಯರೋಗದ ಆಸ್ಪತ್ರೆಯ ಮಾಡಿಗೆ ಹೊದಿಸಲು ಬಂದ ಸಾಗುವಾನಿ ಹಲಗೆಗಳನ್ನು ಇಂಜಿನಿಯರ್ ಸಾಹೇಬರು ತಮ್ಮ ಬಂಗಲೆಗೆ ಸಾಗಿಸಿದರು. ಆಸ್ಪತ್ರೆಗೆ ಮಾವಿನ ಹಲಗೆ ಬಂತು.

"ಇದು ಎರಡೇ ಮಳೆಗಾಲಕ್ಕೆ ಕೊಳೆಯುತ್ತದೆ, ಸ್ವಾಮಿ," ಎಂದ ಬಡಗಿ ಐತಪ್ಪಾಚಾರಿ.

"ಒಳ್ಳೆಯ ಮರವೆಂದು ಬರೆದುಕೊಡು. ಇಲ್ಲವಾದರೆ ನಾಳೆಯಿಂದ ಬರಬೇಡ."

ಆಚಾರಿ ಬರೆದ: 'ಮಾವು ಹೊದಿಸಿದ ಮೇಲೆ ಅದರಡಿ ಮಲಗಿದವರು ಒಬ್ಬರೂ ಸೋರುತ್ತದೆಂದು ದೂರು ಹೇಳಿಲ್ಲ.'

ಸಾಹೇಬರು ಮೆಚ್ಚಿ, ತಾವೂ ರುಜು ಹಾಕಿ ಮೇಲಿನ ಕಚೇರಿಗೆ ಕಳಿಸಿದರು. ಆಮೇಲೆ ಕೇಳಿದರು, "ಮೊದಲು ಎಲ್ಲಿ ಹೊದಿಸಿದ್ದೆ?"

"ಸುಡುಗಾಡಿನಲ್ಲಿ, ಸ್ವಾಮಿ. ಚಿತೆಗೆ ಮಾವೇ ತಾನೇ? ಹೋದ ತಿಂಗಳು ಇದೇ ಆಸ್ಪತ್ರೆಯಿಂದ ಹೊತ್ತು ತಂದ ನನ್ನ ತಮ್ಮನಿಗೂ ಹೊದಿಸಿದೆ."

ತಮ್ಮ ರುಜು ಬಿದ್ದ ಕಾಗದ ಆಗಲೇ ಮೇಲಿನ ಕಚೇರಿ ಸೇರಿದ್ದನ್ನು ನೆನೆದು ಸಾಹೇಬರು ಬಂಗಲೆಗೆ ಗಾಡಿ ಕಳಿಸಿದರು. ಸಂಜೆಯೊಳಗೆ ಸಾಗುವಾನಿ ವಾಪಸು ಬಂತು.

ಮಾವಿನ ಹಲಗೆಗಳನ್ನು ಆಚಾರಿ ಆಸ್ಪತ್ರೆಯ ಹಿಂದೆ ಒಟ್ಟಿಟ್ಟ. ಅವಕ್ಕೂ ಅಲ್ಲಿ ಕೆಲಸವಿತ್ತು.