ಮೂರೆಳೆಯ ಕಸೂತಿ

ಕಾರ್ತಿಕದ ಎರಡನೆಯ ಸೋಮವಾರ, ಬೆಳಗಿನ ಪಾಠ ಮುಗಿದ ಮೇಲೆ, ಶಿಷ್ಯನೊಬ್ಬ ಎದ್ದು ನಿಂತು ಕೇಳಿದ.

"ಗುರುಗಳೇ, ತಪ್ಪು ಮಾಡಿದವನು ಒಳಗೊಳಗೇ ನಾಚಿಕೆಪಟ್ಟು ಬೆಂದರೆ ಸಾಲದೆ?"

ಅವನು ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಯಾಕೆಂದು ಗುರುಗಳು ಕೇಳಲಿಲ್ಲ. ಕೂರುವಂತೆ ಕೈ ಮಾಡಿ ಕತೆ ಹೇಳಿದರು.

ಎರೆನೆಲದ ಒಂದು ಊರು. ಅಲ್ಲಿ ಒಂದು ಪದ್ಧತಿ ಇತ್ತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕುಂಚಿಗೆ ತರಬೇಕು. ಕೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಆ ಬಟ್ಟೆಗೆ ಅವಳೇ ಕೂತು ಕಸೂತಿ ಹಾಕಿರಬೇಕು. ಹಾಗೆ ತಂದವಳಿಗೆ ಮಾತ್ರ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು.

ಅದೇ ಊರಿನ ಒಬ್ಬ ರೈತನ ಹೆಂಡತಿಗೆ ತಮ್ಮನೊಬ್ಬನಿದ್ದ. ಅವನಿಗೆ ಹೆಣ್ಣು ಮಗು ಹುಟ್ಟಿತು. ತೀರಿಹೋದ ತನ್ನ ಅವ್ವನ ಹೆಸರನ್ನು ಅದಕ್ಕೆ ಇಡಬೇಕೆಂದು ರೈತನ ಹೆಂಡತಿ ಬಹಳ ಆಸೆಪಟ್ಟಿದ್ದಳು. ಆದರೆ ಅವಳಿಗೆ ಕಸೂತಿ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅವಳ ತಂಗಿಗೆ. ತಂಗಿ ಬೇರೆ ಹೆಸರು ಹುಡುಕಿಟ್ಟಾಗಿತ್ತು.

ರೈತನ ಹೆಂಡತಿ ತನ್ನ ಓಣಿಯ ಒಬ್ಬ ವಿಧವೆಯ ಹತ್ತಿರ ಹೋದಳು. ಊರಿನಲ್ಲಿ ಆ ಕೈಗೆ ಸಮನಾದ ಕೈ ಇರಲಿಲ್ಲ. ಗಂಡ ಸತ್ತ ಮೇಲೆ ಅವಳಿಂದ ಯಾರೂ ಏನನ್ನೂ ಹೊಲಿಸಿಕೊಂಡಿರಲಿಲ್ಲ.

"ಚಿಗವ್ವಾ, ನೀ ಹೊಲದು ಕೊಡು. ನನ್ನ ಕೈಗೆ ಕುಡಗೋಲ ಬರತೈತಿ, ಸೂಜಿ ಬರೂದಿಲ್ಲ."

"ಹುಚ್ಚಿ, ನನ್ನ ಕೈ ತಾಗೇತಿ ಅಂತ ಗೊತ್ತಾದ್ರ ಕೂಸಿಗೆ ಹಾಕಗೊಡ್ತಾರೇನ?"

"ಹೇಳಾಕಿ ಯಾರು? ನಾನೂ ಹೇಳೂದಿಲ್ಲ, ನೀನೂ ಹೇಳೂದಿಲ್ಲ."

ವಿಧವೆ ಅವಳು ತಂದಿದ್ದ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕೂಲಿ ಬೇಡವೆಂದಳು. ಕೂಸಿಗೆ ಹಾಕಿದ ಮೇಲೆ ಒಂದು ಸಲ ದೂರದಿಂದ ನೋಡುತ್ತೇನೆ, ಅಷ್ಟು ಸಾಕು ಎಂದಳು.

ಹದಿನೈದು ದಿನದಲ್ಲಿ ಕುಂಚಿಗೆ ಸಿದ್ಧವಾಯಿತು. ಅಂಚಿಗೆ ಗೋಪುರ, ನಡುವೆ ಎರಡು ನವಿಲು. ಹಿಂದೆ ತಿರುವಿದರೂ ಮುಂದಿನ ಹಾಗೆಯೇ ಕಾಣುತ್ತಿತ್ತು.

ತೊಟ್ಟಿಲ ದಿನ ಹೆಂಗಸರೆಲ್ಲ ತಮ್ಮನ ಮನೆಯಲ್ಲಿ ಸೇರಿದರು. ವಿಧವೆ ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತಳು. ಬಿಸಿಲು ಅವಳ ಬೆನ್ನಿಗಿತ್ತು. ನೆರಳು ಬಾಗಿಲ ತನಕ ಚಾಚಿತ್ತು.

ಕುಂಚಿಗೆ ಕೈಯಿಂದ ಕೈಗೆ ಹೋಯಿತು. ಒಬ್ಬ ಮುದುಕಿ ಅದನ್ನು ತಿರುವಿ ನೋಡಿದಳು.

"ಎಲ್ಲೂ ಗಂಟ ಇಲ್ಲ! ಎಮ್ಮಿ ಹಿಂಡೂ ಕೈಗೆ ಇದು ಯಾವಾಗ ಬಂತಬೇ?"

ಎಲ್ಲರೂ ನಕ್ಕರು. ರೈತನ ಹೆಂಡತಿಯೂ ನಕ್ಕಳು. ತಂಗಿ ನಗಲಿಲ್ಲ. ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆ ಎಣಿಸುತ್ತಿದ್ದಳು.

"ಅಕ್ಕಾ, ನಾವೆಲ್ಲ ನಾಕ ಎಳಿ ಬಿಟ್ಟು ಸೂಜಿ ಹಾಕ್ತೀವಿ. ಇಲ್ಲಿ ಮೂರ ಎಳಿ ಐತಿ. ಮೂರ ಎಳಿ ಎಣಸಾಕಿ ಈ ಊರಾಗ ಒಬ್ಬಾಕಿನ ಅದಾಳ."

ಹೆಂಗಸರ ಮುಖಗಳು ಅಂಗಳದ ಕಡೆ ತಿರುಗಿದವು. ಅವ್ವನ ಹೆಸರು ರೈತನ ಹೆಂಡತಿಯ ನಾಲಿಗೆಯ ತುದಿಯಲ್ಲಿತ್ತು. ಈಗ ಹೌದೆಂದರೆ ಕುಂಚಿಗೆಯೂ ಹೋಗುತ್ತದೆ, ಹೆಸರೂ ಹೋಗುತ್ತದೆ.

"ಆಕಿ ಕೈ ತಾಗಿದ್ದ ಅರಿವಿ ನಾ ನಮ್ಮ ಕೂಸಿಗೆ ಹಾಕ್ತೀನೇನ?" ಎಂದಳು. ತಂಗಿ ಇನ್ನೂ ನೋಡುತ್ತಲೇ ಇದ್ದಳು. "ಆಕಿ ನೆಳ್ಳ ಸೈತ ಕೂಸಿನ ಮ್ಯಾಲ ಬೀಳಬಾರದು."

ಎರಡನೆಯ ಮಾತನ್ನು ಆಡೆಂದು ಅವಳನ್ನು ಯಾರೂ ಕೇಳಿರಲಿಲ್ಲ.

ಅಂಗಳದಲ್ಲಿದ್ದವಳು ತಲೆ ತಗ್ಗಿಸಿ ತನ್ನ ನೆರಳನ್ನು ನೋಡಿದಳು. ಅದು ಬಾಗಿಲಿನಿಂದ ಸರಿಯುವಷ್ಟು ಹಿಂದಕ್ಕೆ ಹೋದಳು. ಆಮೇಲೆ ತಿರುಗಿ ಹೊರಟುಹೋದಳು. ಕೂಸಿಗೆ ಇನ್ನೂ ಕುಂಚಿಗೆ ಹಾಕಿರಲಿಲ್ಲ.

ತಂಗಿ ಕುಂಚಿಗೆಯನ್ನು ಅಕ್ಕನ ಕೈಗೆ ಕೊಟ್ಟಳು. ಕೂಸಿಗೆ ಅವ್ವನ ಹೆಸರೇ ಬಂತು.

ಮರುದಿನ ಬೆಳಿಗ್ಗೆ ರೈತನ ಹೆಂಡತಿ ಬಾಗಿಲು ತೆಗೆದಾಗ ಕಟ್ಟೆಯ ಮೇಲೆ ಒಂದು ಮೊರ ಇತ್ತು. ಅದರಲ್ಲಿ ಹೊಲಿದು ಉಳಿದ ದಾರವಿತ್ತು. ಕೆಂಪು, ಹಸಿರು, ಹಳದಿ ಬೇರೆ ಬೇರೆಯಾಗಿ ಸುತ್ತಿಟ್ಟಿದ್ದವು. ಅವಳು ಮೊರವನ್ನು ಒಳಗೆ ತಂದು ಬಾಗಿಲು ಹಾಕಿಕೊಂಡಳು. ಬೀಸುವ ಕಲ್ಲಿನ ಮುಂದೆ ಕೂತು, ಕಾಳು ಹಾಕದೆ, ಸುಮ್ಮನೆ ಕಲ್ಲು ತಿರುಗಿಸಿದಳು. ಅಳುವುದು ಹೊರಗೆ ಕೇಳಿಸಬಾರದಿತ್ತು.

ಅಂದಿನಿಂದ ಅವಳು ನೀರಿಗೆ ಓಣಿಯಲ್ಲಿ ಹೋಗಲಿಲ್ಲ. ವಿಧವೆಯ ಮನೆ ತಪ್ಪಿಸಿ, ಹಿತ್ತಿಲು ದಾಟಿ, ಬಣವೆಗಳನ್ನು ಸುತ್ತಿಕೊಂಡು ಹೋದಳು. ತುಂಬಿದ ಕೊಡ ಹೊತ್ತು ಅದೇ ದಾರಿಯಲ್ಲಿ ಬಂದಳು. "ಯಾಕವ್ವಾ, ದಾರಿ ಮರತಿಯೇನ?" ಎಂದು ಜನ ನಕ್ಕರೆ, ಕಾಲಿಗೆ ನಡಿಗೆ ಬೇಕೆಂದು ವೈದ್ಯರು ಹೇಳಿದ್ದಾರೆ ಎಂದಳು.

ಹಬ್ಬಕ್ಕೆ ಇಳಕಲ್ಲಿನ ಸೀರೆ ಉಡುವುದನ್ನು ಬಿಟ್ಟಳು. ಸೋಮವಾರ ಒಂದು ಹೊತ್ತು ಉಂಡಳು. ಸುಗ್ಗಿಯಾದ ಕೂಡಲೇ ಮೊರದ ತುಂಬ ಜೋಳ ತುಂಬಿ, ಬೇರೆಯವರ ಕೈಯಲ್ಲಿ ಕೊಟ್ಟು, ಯಾರು ಕಳಿಸಿದರೆಂದು ಹೇಳಬೇಡಿ ಎಂದು ವಿಧವೆಗೆ ಕಳಿಸಿದಳು. ತಮ್ಮನ ಮಗಳನ್ನು ಯಾರಾದರೂ ಹೆಸರು ಹಿಡಿದು ಕೂಗಿದರೆ ಅವಳ ಮುಖ ನೆಲ ನೋಡುತ್ತಿತ್ತು. ಅವ್ವನ ಹೆಸರು ಅವಳ ಬಾಯಿಗೆ ಮತ್ತೆ ಬರಲಿಲ್ಲ. ಆ ಹುಡುಗಿಯನ್ನು ಅವಳು "ಏ ಕೂಸೇ" ಎಂದೇ ಕರೆದಳು.

ವಿಧವೆ ಆ ಮೇಲೆ ಸೂಜಿ ಹಿಡಿಯಲಿಲ್ಲ. ಯಾರನ್ನೂ ಬಯ್ಯಲಿಲ್ಲ. ಬಾಗಿಲು ಮಾತ್ರ ಹಗಲೆಲ್ಲ ತೆರೆದೇ ಇರುತ್ತಿತ್ತು.

ಹೀಗೆ ಹನ್ನೊಂದು ವರ್ಷ ಕಳೆಯಿತು. ಹನ್ನೆರಡನೆಯ ವರ್ಷದ ಚೈತ್ರದಲ್ಲಿ ವಿಧವೆ ತೀರಿಕೊಂಡಳು.

ರೈತನ ಹೆಂಡತಿ ಅಂದು ಆ ಮನೆಗೆ ಹೋದಳು. ಹೆಣದ ಕಾಲು ಹಿಡಿದು, ಹಣೆ ಬಡಿದುಕೊಂಡು ಅತ್ತಳು. ನೆರೆದವರಿಗೆ ಆಶ್ಚರ್ಯವಾಯಿತು.

"ಹೊಟ್ಯಾಗ ಹುಟ್ಟಿದಾಕೀನೂ ಹಿಂಗ ಅಳೂದಿಲ್ಲ ನೋಡ್ರಿ," ಎಂದಳು ಒಬ್ಬಳು. "ಎಂಥಾ ಕರುಳವ್ವಾ ನಿಂದು!"

ಆ ಹೊಗಳಿಕೆ ಅವಳ ಕಿವಿಗೆ ಕಾದ ಎಣ್ಣೆಯಂತೆ ಬಿತ್ತು. ಅಲ್ಲ ಎನ್ನಲು ಬಾಯಿ ತೆರೆದಳು. ಎದುರಿಗೆ ತಂಗಿ ಕೂತಿದ್ದಳು, ತಮ್ಮನ ಹೆಂಡತಿ ಕೂತಿದ್ದಳು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಮತ್ತೆ ಅತ್ತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಸ್ವರ ಸಣ್ಣದಾಗಿತ್ತು.

"ಹನ್ನೊಂದು ವರ್ಷ ಬೆಂದಳಲ್ಲ, ಗುರುಗಳೇ. ಅವಳ ನಾಚಿಕೆ ನಿಜವಲ್ಲವೆ?"

"ನಿಜವೇ," ಎಂದರು ಗುರುಗಳು. "ಅವಳ ಹೊಸ್ತಿಲಿನಿಂದ ಆ ವಿಧವೆಯ ಹೊಸ್ತಿಲಿಗೆ ಇದ್ದ ಹೆಜ್ಜೆ ಹದಿನೇಳು."