ಬೆಟ್ಟ ಹತ್ತಿದ ಹಿತ್ತಲ ಮಣ್ಣು

"ಗುರುಗಳೇ, ಮನೆ ಬಿಟ್ಟು ಕಾಡು ಸೇರಿದರೆ ಮನಸ್ಸು ಶುದ್ಧವಾಗುವುದಿಲ್ಲವೇ?"

ಹೀಗೆ ಕೇಳಿದವನು ಚೆನ್ನವೀರ. ಮಠಕ್ಕೆ ಬಂದಾಗ ಅವನ ಹೆಗಲ ಮೇಲೆ ಬಟ್ಟೆಯ ಗಂಟಿತ್ತು. ಅವನೂ ಅವನ ಅಣ್ಣನೂ ಇದ್ದ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಬೇರೆಯಾಗಿದ್ದರು. ಗೋಡೆಯ ಆಚೆ ಅಣ್ಣ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು. ಚೆನ್ನವೀರ ಒಮ್ಮೆಯೂ ಹೋಗಿ ನೋಡಿರಲಿಲ್ಲ. ಗುರುಗಳಿಗೆ ಇದೆಲ್ಲ ಗೊತ್ತಿತ್ತು, ಆದರೆ ಅವರು ಆ ಮಾತೆತ್ತಲಿಲ್ಲ.

"ಯಾವ ಕಾಡು?" ಎಂದರು.

"ಯಾವುದಾದರೂ ಸರಿ. ಮನೆಯ ಕೊಳೆ ಸಾಕಾಗಿ ಹೋಗಿದೆ. ಕಾಡಿನಲ್ಲಿ ಕೊಳೆಯಿಲ್ಲ."

"ಓಹೋ! ಕಾಡಿನ ವಿಚಾರ ಇಷ್ಟು ತಿಳಿದವನಿಗೆ ನಾನು ಹೇಳುವುದು ಏನಿದೆ? ಆದರೂ ಬಂದಿದ್ದೀಯ. ಗಂಟು ಕೆಳಗಿಡು. ಒಬ್ಬ ಗೃಹಸ್ಥನ ಕತೆಯಿದೆ, ಕೇಳಿಕೊಂಡು ಹೋಗು."

ಗುರುಗಳು ಹೇಳತೊಡಗಿದರು.

ಒಬ್ಬ ಗೃಹಸ್ಥನಿದ್ದ. ಅವನ ಮನೆಯ ಹಿಂದೆ ಒಂದು ಬೆಟ್ಟ. ಮನೆಗೂ ಬೆಟ್ಟಕ್ಕೂ ನಡುವೆ ಒಂದು ಹಳ್ಳ. ಬೆಟ್ಟದ ನೆತ್ತಿಯ ಹತ್ತಿರ ಕಾಡುದಾಲ್ಚಿನ್ನಿ ಮರಗಳ ತೋಪು. ಅದನ್ನು ಯಾರೂ ನೆಟ್ಟದ್ದಲ್ಲ. ಅವನ ಅಜ್ಜನ ಅಜ್ಜ ಹುಟ್ಟುವ ಮೊದಲೇ ಅದು ಅಲ್ಲಿತ್ತು.

ಈ ಗೃಹಸ್ಥನಿಗೆ ನಡೆಯುವ ಹುಚ್ಚು. ಬೆಳಗಾದರೆ ಬೆಟ್ಟ ಹತ್ತುತ್ತಿದ್ದ. ಸೌದೆಗಲ್ಲ, ಜೇನಿಗಲ್ಲ, ಸುಮ್ಮನೆ ಕಾಡಿನಲ್ಲಿ ನಡೆಯುವುದಕ್ಕೆ. ಒಂದು ಎಲೆ ಕಿತ್ತವನಲ್ಲ. ದಾರಿಯಲ್ಲಿ ಯಾರೋ ಬಿಸಾಡಿದ ಕಾಗದ ಕಂಡರೆ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ತೋಪಿನ ಒಂದೊಂದು ಮರವೂ ಅವನಿಗೆ ಗುರುತು. ನಡುವಿನ ದೊಡ್ಡ ಮರದ ಬುಡದಲ್ಲಿ ಒಂದು ಗಳಿಗೆ ಕೂತು ಎದ್ದರೆ ಆ ದಿನಕ್ಕೆ ಅವನಿಗೆ ಬೇರೇನೂ ಬೇಕಿರಲಿಲ್ಲ. ಅವನ ಪ್ರೀತಿ ಸುಳ್ಳು ಎಂದು ನಾನು ಹೇಳುವುದಿಲ್ಲ ಚೆನ್ನವೀರ. ಅದು ನಿಜವಾದ ಪ್ರೀತಿಯೇ. ಈ ಕತೆಯ ಸಂಕಟ ಇರುವುದೂ ಅಲ್ಲೇ.

ಮನೆಯೆಂದರೆ ಮಾತ್ರ ಅವನಿಗೆ ಅಷ್ಟಕ್ಕಷ್ಟೇ. ಮನೆಯನ್ನು ಹೆಂಡತಿ ನೋಡಿಕೊಳ್ಳುತ್ತಿದ್ದಳು. ಅವನು ಬೆಟ್ಟದಿಂದ ಬರುವ ಹೊತ್ತಿಗೆ ಸರಿಯಾಗಿ ಮುಂಬಾಗಿಲಲ್ಲಿ ತಂಬಿಗೆ ನೀರು ಹಿಡಿದು ನಿಲ್ಲುತ್ತಿದ್ದಳು. ಅವನು ಮೆಟ್ಟು ಕಳಚಿ, ಹಿಮ್ಮಡಿ ಉಜ್ಜಿ, ಕಾಲು ತೊಳೆದೇ ಒಳಗೆ ಬರುತ್ತಿದ್ದ. ಕಾಡಿನ ಒಂದು ಚಿಟಿಕೆ ಮಣ್ಣೂ ಹೊಸ್ತಿಲು ದಾಟುತ್ತಿರಲಿಲ್ಲ.

ಹಿತ್ತಲಲ್ಲಿ ಒಂದು ಬೆಣ್ಣೆಹಣ್ಣಿನ ಮರವಿತ್ತು. ಮಗಳು ಹುಟ್ಟಿದ ವರ್ಷ ಹೆಂಡತಿ ನೆಟ್ಟದ್ದು. ಮಗಳು ಮದುವೆಯಾಗಿ ಹೋದ ಮೇಲೆ ಆ ತಾಯಿ ಮರದ ಹತ್ತಿರ ನಿಂತು ಮಾತಾಡುತ್ತಿದ್ದಳಂತೆ. ಒಂದು ಮಳೆಗಾಲ ಆ ಮರ ತುದಿಯಿಂದ ಒಣಗತೊಡಗಿತು.

"ರೀ, ಹಿತ್ತಲ ಮರ ಒಣಗ್ತಾ ಇದೆ. ಬುಡದಲ್ಲಿ ನೀರು ನಿಂತು ಬೇರು ಕಪ್ಪಗೆ ಕೊಳೆತು ಹೋಗಿದೆ. ಒಂದು ಸಲ ಬಂದು ನೋಡಬಾರದೇ?" ಎಂದಳು.

"ಒಂದು ಮರ ಹೋದರೆ ಹೋಗಲಿ ಬಿಡೇ. ಬೆಟ್ಟದ ಮೇಲೆ ಸಾವಿರ ಮರ ಇವೆ" ಎಂದ ಅವನು.

ಮೂರು ಸಲ ಕೇಳಿದಳು. ಮೂರು ಸಲವೂ ಅದೇ ಉತ್ತರ ಬಂತು. ಆಮೇಲೆ ಕೇಳುವುದನ್ನು ಬಿಟ್ಟಳು. ಅವಳಿಗೆ ಎಷ್ಟು ನೋವಾಯಿತೆಂದು ಅವನಿಗೆ ತಿಳಿಯಲೇ ಇಲ್ಲ. ಬೆಟ್ಟಕ್ಕೆ ಹಿಂಬಾಗಿಲಿನ ದಾರಿಯೇ ಹತ್ತಿರ. ಹಾಗಾಗಿ ದಿನವೂ ಅದೇ ಮರದ ಬುಡದ ಕೆಸರು ತುಳಿದುಕೊಂಡೇ ಹೊರಡುತ್ತಿದ್ದ. ತಲೆಯೆತ್ತಿ ಮರ ನೋಡುತ್ತಿರಲಿಲ್ಲ. ಕಣ್ಣೆಲ್ಲ ಬೆಟ್ಟದ ಮೇಲೆ.

ಈಗ ಹಳ್ಳದ ವಿಚಾರ ಕೇಳು. ಬೆಟ್ಟದ ಜನರಿಗೆ ಒಂದು ಕಟ್ಟಳೆಯಿತ್ತು. ಊರ ಕಡೆಯಿಂದ ಬೆಟ್ಟಕ್ಕೆ ಹೋಗುವಾಗ ಅವರು ಹಳ್ಳಕ್ಕೆ ಇಳಿದು ಕಾಲು ತೊಳೆಯುತ್ತಿದ್ದರು. ಕೈಯಲ್ಲಿ ಕತ್ತಿ, ಗುದ್ದಲಿ ಇದ್ದರೆ ಅದನ್ನೂ ಮರಳಿನಲ್ಲಿ ಉಜ್ಜಿ ತೊಳೆದು, ಆಮೇಲೆ ಹತ್ತುತ್ತಿದ್ದರು. ಗೃಹಸ್ಥ ಅದನ್ನು ನೋಡಿ ನಗುತ್ತಿದ್ದ. 'ಇದೆಂಥ ತಲೆಕೆಳಗಾದ ಶಾಸ್ತ್ರ! ಮನೆಗೆ ಬರುವಾಗ ಕಾಲು ತೊಳೆಯುವುದುಂಟು. ಮಣ್ಣಿಗೇ ಹೋಗುವವನು ಮಣ್ಣು ತೊಳೆಯುವುದೇಕೆ?' ಎಂದುಕೊಂಡು, ಮೆಟ್ಟು ನೆನೆಯದ ಹಾಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹಳ್ಳ ದಾಟುತ್ತಿದ್ದ.

ಎರಡು ವರ್ಷ ಕಳೆಯಿತು. ತೋಪಿನ ದೊಡ್ಡ ಮರ ತುದಿಯಲ್ಲಿ ಬಿಳಿಚಿಕೊಂಡಿತು. ಎಲೆ ಸಣ್ಣದಾಯಿತು. ಒಂದು ಬೇಸಿಗೆ ಕಳೆಯುವುದರೊಳಗೆ ಮರ ಸತ್ತಿತು. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು.

ಗೃಹಸ್ಥನಿಗೆ ಎದೆ ಒಡೆದ ಹಾಗಾಯಿತು. ದುಃಖ ಬಂದರೆ ನಾವು ಮೊದಲು ಹುಡುಕುವುದು ಯಾರನ್ನು ಹೇಳು? ತಪ್ಪು ಮಾಡಿದವನನ್ನು. ಅವನು ಎಲ್ಲಿರುತ್ತಾನೆ? ಯಾವಾಗಲೂ ಬೇರೆಯವರ ಮನೆಯಲ್ಲಿ! ಗೃಹಸ್ಥ ಕುರಿ ಕಾಯುವವರನ್ನು ಬೈದು ಓಡಿಸಿದ. ಸೌದೆಯವರ ಮೇಲೆ ಅರ್ಜಿ ಬರೆದ. ಜೇನು ಕೀಳುವ ಒಬ್ಬ ಮುದುಕಿ ತೋಪಿನ ಅಂಚಿನಲ್ಲಿ ಕಂಡಳು. ನಿಮ್ಮಂಥವರಿಂದಲೇ ಕಾಡು ಹಾಳಾಯಿತು ಎಂದು ಕೂಗಾಡಿ, ಅವಳು ಬರುವ ದಾರಿಗೆ ಮುಳ್ಳುಬೇಲಿ ಹಾಕಿಸಿದ. ಆ ದಾರಿಯಿಂದಲೇ ಅವಳ ಹೊಟ್ಟೆ ತುಂಬುತ್ತಿತ್ತು. ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಮರಗಳ ಸೇವೆಗೂ ಅವನು ಕಡಿಮೆ ಮಾಡಲಿಲ್ಲ. ಹಿತ್ತಲ ಗುದ್ದಲಿಯನ್ನೇ ಒಯ್ದು ಒಂದೊಂದು ಮರದ ಬುಡ ಬಿಡಿಸಿದ. ಹಿತ್ತಲ ಗೊಬ್ಬರವನ್ನೇ ಕುಕ್ಕೆಯಲ್ಲಿ ಹೊತ್ತು ಒಂದೊಂದು ಬುಡಕ್ಕೂ ಹಾಕಿದ. ದಿನಕ್ಕೆ ಒಂದು ಸಲ ಹತ್ತುತ್ತಿದ್ದವನು ಎರಡು ಸಲ ಹತ್ತಿದ. ಅವನು ಹೆಚ್ಚು ಹೋದಷ್ಟೂ ಮರಗಳು ಹೆಚ್ಚು ಸತ್ತವು. ಊಟ ಸೇರದಾಯಿತು, ನಿದ್ದೆ ಹತ್ತದಾಯಿತು.

ಒಂದು ಬೆಳಿಗ್ಗೆ ಹಳ್ಳದ ಹತ್ತಿರ ಅದೇ ಮುದುಕಿ ಎದುರಾದಳು. ಅವನಲ್ಲಿ ಕೂಗಾಡುವ ಶಕ್ತಿ ಉಳಿದಿರಲಿಲ್ಲ.

"ಅಮ್ಮಾ, ನನ್ನ ಮರಗಳಿಗೆ ಏನಾಗಿದೆ? ಗೊತ್ತಿದ್ದರೆ ಹೇಳು" ಎಂದ.

"ಆಚೆ ದಿಬ್ಬದಿಂದ ನೋಡ್ತಾನೇ ಇದ್ದೀನಿ ಸ್ವಾಮಿ. ಸತ್ತ ಮರ ಎಲ್ಲಾ ಒಂದೇ ಸಾಲಲ್ಲಿ ಇವೆ. ಆ ಸಾಲು ನೀವು ನಡೆಯೋ ದಾರಿ. ಎಲ್ಲಿ, ಮೆಟ್ಟು ತಿರುಗಿಸಿ ತೋರಿಸಿ" ಎಂದಳು ಮುದುಕಿ.

ಅವನು ಮೆಟ್ಟು ಕಳಚಿ ತಿರುಗಿಸಿದ. ಬೆಟ್ಟದ ಮಣ್ಣು ಕೆಂಪು. ಅಡಿಯಲ್ಲಿ ಅಂಟಿದ್ದ ಮಣ್ಣು ಕಪ್ಪು. ಅದರೊಳಗೆ ಒಂದು ಕೊಳೆತ ಬೇರಿನ ಚೂರು. ಅದು ಯಾವ ಮರದ ಬೇರೆಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಮನೆಯ ರೋಗವನ್ನು ಅವನೇ ದಿನವೂ, ಒಂದು ದಿನವೂ ತಪ್ಪಿಸದೆ, ಹೊತ್ತು ತಂದು ತೋಪಿಗೆ ಕೊಟ್ಟಿದ್ದ. ಗೊಬ್ಬರವೆಂದು ಬುಟ್ಟಿಗಟ್ಟಲೆ ಕೊಟ್ಟಿದ್ದ.

ಅವನು ಅಲ್ಲಿಂದಲೇ ಹಿಂದಿರುಗಿದ. ಮುಂಬಾಗಿಲಿಗೆ ಹೋಗಲಿಲ್ಲ. ಹಿತ್ತಲಲ್ಲಿ, ಸತ್ತು ನಿಂತಿದ್ದ ಬೆಣ್ಣೆಹಣ್ಣಿನ ಮರದ ಕೆಳಗೆ ಕೂತು ಅತ್ತ. ಹೆಂಡತಿ ಕಾದು ಕಾದು, ತಂಬಿಗೆ ಹಿಡಿದುಕೊಂಡೇ ಹಿತ್ತಲಿಗೆ ಬಂದಳು. ಅವನು ಎಲ್ಲವನ್ನೂ ಹೇಳಿದ.

"ಈ ನೀರನ್ನು ನಾನು ಹೊರಡುವಾಗ ಕೇಳಬೇಕಿತ್ತು ಕಣೇ" ಎಂದ.

"ನೀರು ಕೇಳದಿದ್ದರೂ ಪರವಾಗಿರಲಿಲ್ಲ, ನಾನು ಕರೆದಾಗ ಒಂದು ಸಲ ಈ ಕಡೆ ತಿರುಗಿ ನೋಡಿದ್ದರೆ ಸಾಕಾಗಿತ್ತು" ಎಂದಳು ಅವಳು. ಹೇಳುವಾಗ ಅವಳಿಗೂ ಅಳು ಬಂತು.

ಇಬ್ಬರೂ ಸೇರಿ ಮರವನ್ನು ಬೇರು ಸಹಿತ ಅಗೆದು ಅಲ್ಲೇ ಸುಟ್ಟರು. ಗೃಹಸ್ಥ ಮೆಟ್ಟನ್ನೂ ಆ ಬೆಂಕಿಗೆ ಹಾಕಿದ. ಮರುದಿನ ಕಾಲನ್ನೂ ಕತ್ತಿಯನ್ನೂ ಹಳ್ಳದಲ್ಲಿ ಉಜ್ಜಿ ತೊಳೆದು, ಬೇರೆ ದಿಕ್ಕಿನಿಂದ ಹತ್ತಿ, ಮುದುಕಿಯ ದಾರಿಯ ಮುಳ್ಳುಬೇಲಿಯನ್ನು ತನ್ನ ಕೈಯಿಂದಲೇ ಕಿತ್ತ. ಕೈಯೆಲ್ಲ ರಕ್ತವಾಯಿತು. ಅದೇ ಕೊನೆ. ಆಮೇಲೆ ಅವನು ಹಳ್ಳ ದಾಟಲಿಲ್ಲ. ತೋಪಿನಲ್ಲಿ ಅರ್ಧ ಮರಗಳು ಇನ್ನೂ ಹಸಿರಾಗಿದ್ದವು. ಸಂಜೆ ಹೊತ್ತು ಹೆಂಡತಿಯ ಜೊತೆ ಹಳ್ಳದ ಈಚೆ ದಡದಲ್ಲಿ ಕೂರುತ್ತಿದ್ದ. ಮುದುಕಿ ಬೆಟ್ಟ ಇಳಿದು ಬಂದರೆ, "ಇವತ್ತು ಹೇಗಿವೆ?" ಎಂದು ಕೇಳುತ್ತಿದ್ದ. "ಇವೆ ಸ್ವಾಮಿ" ಎಂದು ಅವಳು ಹೇಳಿದರೆ ಎದ್ದು ಮನೆಗೆ ಹೋಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಅವನು ಕೇಳಿದ:

"ಹಾಗಾದರೆ ನಾನು ಕಾಡಿಗೆ ಹೋಗಬಾರದೇ, ಗುರುಗಳೇ?"

ಗುರುಗಳು ಅವನ ಪಾದಗಳನ್ನು ನೋಡಿದರು.

"ಬೇಡವೆಂದವರು ಯಾರಪ್ಪ? ಮೊದಲು ನಿಮ್ಮಣ್ಣನ ಬಾಗಿಲಲ್ಲಿ ಕಾಲು ತೊಳೆದು, ಒಳಗೆ ಹೋಗಿ ಅವನನ್ನು ನೋಡಿಕೊಂಡು ಬಾ."